ಒಣಗಿದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಜೀವ ಇರುತ್ತದೆಯೇ?

ಸಿಪ್ಪೆಯಲ್ಲಿ ಇಲ್ಲ, ಬೀಜದಲ್ಲಿ ಇದೆ. ಬ್ಯಾಡಗಿ ಮಾರುಕಟ್ಟೆಗೆ ಚೀಲ ಬಂದು ಇಳಿಯುವ ಹೊತ್ತಿಗೆ ಸಿಪ್ಪೆಯ ಜೀವಕೋಶಗಳು ನೀರು ಕಳೆದುಕೊಂಡು ಸತ್ತಿರುತ್ತವೆ. ಆದರೂ ಆ ಕೆಂಪು ಹೇಗೆ ಉಳಿಯಿತು? ಹಸಿರು ಕಾಯಿಯ ಕೋಶಗಳಲ್ಲಿ ಹಸಿರು ತುಂಬಿದ ಪುಟ್ಟ ಕಣಗಳು, ಅಂದರೆ ಕ್ಲೋರೋಪ್ಲಾಸ್ಟ್‌ಗಳಿರುತ್ತವೆ. ಹಣ್ಣಾಗುವಾಗ ಅವೇ ಹಸಿರನ್ನು ಬಿಟ್ಟು, ಕ್ಯಾಪ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯ ತುಂಬಿಕೊಂಡು ಕ್ರೋಮೋಪ್ಲಾಸ್ಟ್‌ಗಳಾಗುತ್ತವೆ. ಕೋಶ ಸತ್ತರೂ ಬಣ್ಣ ಮತ್ತು ಕೋಶದ ಗೋಡೆ ಉಳಿಯುತ್ತವೆ. 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಡಿ ಕಾರ್ಕ್ (ಬಾಟಲಿಯ ಬಿರಡೆಗೆ ಬಳಸುವ ತೊಗಟೆ) ಚೂರಿನಲ್ಲಿ ಕಂಡು ‘ಸೆಲ್’ ಎಂದು ಕರೆದದ್ದೂ ಇಂಥ ಖಾಲಿ ಗೋಡೆಗಳನ್ನೇ!

ಬೀಜದೊಳಗಿನ ಭ್ರೂಣ ಮಾತ್ರ ಉಸಿರಾಟವನ್ನು ತೀರಾ ತಗ್ಗಿಸಿಕೊಂಡು ಮಲಗಿರುತ್ತದೆ. ಅನುಮಾನವಿದ್ದರೆ ಈ ವರ್ಷದ ಕಾಯಿಯ ನಾಲ್ಕು ಬೀಜಗಳನ್ನು ಹಿತ್ತಲಿನ ಎರೆಮಣ್ಣಿನಲ್ಲಿ ಹಾಕಿ ನೀರುಣಿಸಿ. ಚಟ್ನಿಪುಡಿಗೆಂದು ಹುರಿದ ಕಾಯಿಯ ಬೀಜ ಬೇಡ, ಅದರ ಭ್ರೂಣ ಬಾಣಲೆಯಲ್ಲೇ ಸತ್ತಿರುತ್ತದೆ.