ಹಳೇ ಮಾದರಿ ಪಕ್ಕಕ್ಕಿಡಿ, ಈಗ ಮೂರು ಪ್ರಶ್ನೆ

ಮಗಳು ಹತ್ತನೇ ಕ್ಲಾಸು ಬೆಂಗಳೂರಲ್ಲಿ ಮುಗಿಸಿ ಇಲ್ಲಿ ಬ್ರಿಟನ್ನಿನಲ್ಲಿ ಇಯರ್ 12 (ನಮ್ಮ ಮೊದಲ ಪಿಯುಸಿ ಇದ್ದಂತೆ) ಸೇರಿದ್ದಾಳೆ, ಕಂಪ್ಯೂಟರ್ ಸೈನ್ಸ್ ಓದಬೇಕಂತೆ, ಪರಿಚಯದವರ ಮಗ 2023ರಲ್ಲಿ ಬರೆದ ಪರ್ಸನಲ್ ಸ್ಟೇಟ್‌ಮೆಂಟ್ (ಯೂನಿವರ್ಸಿಟಿ ಅರ್ಜಿಯ ಜೊತೆ ತನ್ನ ಬಗ್ಗೆ ಬರೆಯುವ ಬರಹ) ಸಿಕ್ಕಿದೆ, ಅದೇ ಥರ ಬರೆಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಆ ಒಂದೇ ಉದ್ದನೆಯ ಪ್ರಬಂಧವನ್ನು ಇಲ್ಲಿನ ಯೂನಿವರ್ಸಿಟಿ ಅರ್ಜಿಗಳನ್ನು ನೋಡಿಕೊಳ್ಳುವ ಸಂಸ್ಥೆಯಾದ ಯೂಕ್ಯಾಸ್ 2026ರ ಪ್ರವೇಶದಿಂದ ತೆಗೆದುಹಾಕಿದೆ. ಮನೆಯಲ್ಲಿ ತಿದ್ದಿಕೊಡುವವರು ಇರುವ ಮಕ್ಕಳಿಗೇ ಅದು ಅನುಕೂಲವಾಗಿತ್ತು ಅನ್ನುವ ದೂರು ಬಹಳ ದಿನದ್ದು.

ಈಗ ಇರುವುದು ಮೂರು ಪ್ರಶ್ನೆ. ಈ ವಿಷಯ ಯಾಕೆ ಓದಬೇಕು? ಇಲ್ಲಿಯವರೆಗಿನ ಓದು ಅದಕ್ಕೆ ಹೇಗೆ ತಯಾರು ಮಾಡಿದೆ? ಓದಿನಾಚೆ ಇನ್ನೇನು ಮಾಡಿದ್ದೀಯ, ಅದು ಯಾಕೆ ಉಪಯೋಗಕ್ಕೆ ಬರುತ್ತದೆ? ಒಟ್ಟು ಮಿತಿ ಮೊದಲಿನಂತೆ 4000 ಅಕ್ಷರ, ಖಾಲಿ ಜಾಗವೂ ಸೇರಿ. ಒಂದೊಂದು ಉತ್ತರವೂ ಕನಿಷ್ಠ 350 ಅಕ್ಷರ ಇರಲೇಬೇಕು. ಉಳಿದದ್ದನ್ನು ಹೇಗೆ ಹಂಚಿಕೊಂಡರೂ ಸರಿ. ಕಂಪ್ಯೂಟರ್ ಸೈನ್ಸ್‌ಗಾದರೆ 1300, 1600, 1100 ಸುಮಾರಿಗೆ ಇಟ್ಟುಕೊಳ್ಳಬಹುದು. ಮೆಡಿಸಿನ್‌ಗೆ ಹಾಕುವವರು ಮೂರನೆಯದನ್ನು ಹಿಗ್ಗಿಸಬೇಕಾಗುತ್ತದೆ.

ಮೊದಲನೆಯದರಲ್ಲಿ 'ಚಿಕ್ಕಂದಿನಿಂದಲೂ ಕಂಪ್ಯೂಟರ್ ಅಂದರೆ ಇಷ್ಟ' ಅಂತ ಶುರುಮಾಡಿದರೆ ಎಂಬತ್ತು ಅಕ್ಷರ ನೀರಿಗೆ ಹಾಕಿದಂತೆ. ಸಿಲಬಸ್ಸಿನ ಹೊರಗೆ ಏನು ಓದಿದಳು, ಅದರಲ್ಲಿ ಯಾವ ಪ್ರಶ್ನೆ ತಲೆಗೆ ಹತ್ತಿತು, ಅಷ್ಟು ಸಾಕು. ಎರಡನೆಯದರಲ್ಲಿ ಮಾರ್ಕ್ಸ್ ಬೇಡ, ಅದಕ್ಕೆ ಅರ್ಜಿಯಲ್ಲೇ ಬೇರೆ ಭಾಗ ಇದೆ. ಫರ್ದರ್ ಮ್ಯಾಥ್ಸ್‌ನ (ಹೆಚ್ಚುವರಿ ಗಣಿತ) ಇಂಡಕ್ಷನ್, ಅಂದರೆ ಒಂದು ಹೆಜ್ಜೆಯಿಂದ ಮುಂದಿನದನ್ನು ಸಾಧಿಸುವ ರೀತಿ, ಕಲಿತಮೇಲೆ ಪ್ರೋಗ್ರಾಮಿಂಗ್‌ನ ರಿಕರ್ಶನ್ (ತನ್ನನ್ನೇ ಮತ್ತೆ ಕರೆಯುವ ಫಂಕ್ಷನ್) ಹೇಗೆ ಬಿಡಿಸಿಕೊಂಡಿತು ಅನ್ನುವಂಥದ್ದು ಬೇಕು.

ನಮ್ಮವರು ಎಡವುವುದು ಮೂರನೆಯದರಲ್ಲಿ. ಅಬ್ಯಾಕಸ್, ಒಲಿಂಪಿಯಾಡ್, ಭರತನಾಟ್ಯ, ಕೀಬೋರ್ಡ್ ಅಂತ ಮದುವೆ ಊಟದ ಎಲೆಯ ಹಾಗೆ ಎಲ್ಲವನ್ನೂ ಬಡಿಸಿಬಿಡುತ್ತಾರೆ. ಹಳೇ ಪ್ರಬಂಧದಲ್ಲಿ ಇದು ಹೇಗೋ ಮುಚ್ಚಿಹೋಗುತ್ತಿತ್ತು. ಈಗ ಪ್ರಶ್ನೆಯಲ್ಲೇ 'ಯಾಕೆ ಉಪಯೋಗ' ಅಂತ ಕೇಳಿರುವುದರಿಂದ ಬರೀ ಪಟ್ಟಿ ಕೊಟ್ಟರೆ ಅರ್ಧ ಉತ್ತರ ಖಾಲಿ ಬಿಟ್ಟಂತೆ. 'ನೃತ್ಯದಿಂದ ಶಿಸ್ತು ಕಲಿತೆ' ಅನ್ನುವುದೂ ಉತ್ತರವಲ್ಲ, ಯಾರು ಬೇಕಾದರೂ ಬರೆಯಬಹುದಾದ ಸಾಲು. ಶನಿವಾರ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಅಲ್ಲಿನ ಸ್ಟಾಕ್ ಲೆಕ್ಕಕ್ಕೆ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದಳು, ತಾರೀಖು ಬರೆಯುವಾಗ ಒಬ್ಬ ಸಪ್ಲೈಯರ್ ದಿನವನ್ನು ಮೊದಲು, ಇನ್ನೊಬ್ಬ ತಿಂಗಳನ್ನು ಮೊದಲು ಹಾಕುತ್ತಿದ್ದರಿಂದ ಎಲ್ಲಾ ಅದಲುಬದಲಾಯಿತು, ಹೀಗೆ ಸರಿಮಾಡಿದಳು ಅಂದುಕೊಳ್ಳಿ. ಐದು ಸರ್ಟಿಫಿಕೇಟಿಗಿಂತ ಇದು ಹೆಚ್ಚು ಹೇಳುತ್ತದೆ. ಎರಡು ಸಂಗತಿ ತೆಗೆದುಕೊಂಡು ಪೂರ್ತಿ ಬರೆಯಲಿ. ಯಾವುದು ಯಾವ ಉತ್ತರಕ್ಕೆ ಸೇರಬೇಕು ಅಂತ ತೀರಾ ತಲೆಕೆಡಿಸಿಕೊಳ್ಳಬೇಡಿ, ಓದುವವರು ಮೂರನ್ನೂ ಒಟ್ಟಿಗೇ ಓದುತ್ತಾರೆ. ಅದಕ್ಕೇ ಹೇಳಿದ್ದನ್ನೇ ಎರಡು ಕಡೆ ಹೇಳಬಾರದು.

ಅರ್ಜಿಯಲ್ಲಿ ಆರಿಸಿದ ಐದೂ ಕೋರ್ಸ್‌ಗಳಿಗೆ ಒಂದೇ ಸ್ಟೇಟ್‌ಮೆಂಟ್ ಹೋಗುತ್ತದೆ. ಯೂನಿವರ್ಸಿಟಿಯ ಹೆಸರು ಬರೆದರೆ ಉಳಿದ ನಾಲ್ಕು ಕಡೆ ಕೆಡುತ್ತದೆ. ನಾಲ್ಕು ಕಂಪ್ಯೂಟರ್ ಸೈನ್ಸ್, ಒಂದು ಎಕನಾಮಿಕ್ಸ್ ಅಂತ ಬೆರೆಸಿದರೂ ಅದೇ ಪಾಡು. ಕಳಿಸಿದಮೇಲೆ ತಿದ್ದಲು ಆಗುವುದಿಲ್ಲ. ಪರಿಚಯದವರ ಹುಡುಗನ ಸಾಲುಗಳನ್ನಂತೂ ಎತ್ತಲೇಬೇಡಿ: ಹಿಂದೆ ಬಂದ ಸ್ಟೇಟ್‌ಮೆಂಟ್‌ಗಳ ಜೊತೆ ಯೂಕ್ಯಾಸ್ ಹೋಲಿಸಿ ನೋಡುತ್ತದೆ, ಹೋಲಿಕೆ ಕಂಡರೆ ಯೂನಿವರ್ಸಿಟಿಗಳಿಗೆ ತಿಳಿಸುತ್ತದೆ. ಚಾಟ್‌ಜಿಪಿಟಿ ಬರೆದುಕೊಟ್ಟದ್ದನ್ನು ಹಾಗೇ ಹಾಕುವುದೂ ನಕಲಿನ ಲೆಕ್ಕಕ್ಕೇ ಬರುತ್ತದೆ.

ಊರು ಬಿಟ್ಟು ಬಂದದ್ದು, ಸಿಲಬಸ್ ಬದಲಾದದ್ದು, ಜಿಸಿಎಸ್‌ಇ (ನಮ್ಮ ಹತ್ತನೇ ಕ್ಲಾಸಿನ ಥರದ ಇಲ್ಲಿನ ಪರೀಕ್ಷೆ) ಇಲ್ಲದಿರುವುದು, ಇವಕ್ಕೆಲ್ಲ ಅವಳ 4000 ಅಕ್ಷರ ಖರ್ಚುಮಾಡಬೇಡಿ. ಅರ್ಜಿಯ ಜೊತೆ ಶಾಲೆಯವರು ಅವಳ ಬಗ್ಗೆ ಬರೆಯುವ ರೆಫರೆನ್ಸ್‌ನಲ್ಲಿ ಮೂರು ಭಾಗ ಇರುತ್ತದೆ, ವಿಶೇಷ ಪರಿಸ್ಥಿತಿ ಹೇಳಲಿಕ್ಕೇ ಅದರ ಎರಡನೇ ಭಾಗ ಇರುವುದು. ಆದರೆ ನೀವು ಹೇಳದೆ ಅವರಿಗೆ ಗೊತ್ತಾಗುವುದಿಲ್ಲ. ಬೇಸಿಗೆ ರಜೆಗೆ ಮುಂಚೆಯೇ ಸಿಕ್ಸ್ತ್ ಫಾರ್ಮ್ (ಇಯರ್ 12, 13) ಟ್ಯೂಟರ್‌ಗೆ ಒಂದು ಈಮೇಲ್ ಹಾಕಿ.

ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗೆ ಹಾಕುವುದಾದರೆ ಕೊನೇ ದಿನ ಅಕ್ಟೋಬರ್ 15, ಸಂಜೆ 6. ಉಳಿದ ಬಹುಪಾಲು ಕೋರ್ಸ್‌ಗಳಿಗೆ ಜನವರಿ ಮಧ್ಯ. 2026ರ ಪ್ರವೇಶಕ್ಕೆ ಅದು ಜನವರಿ 14 ಆಗಿತ್ತು. ರೆಫರೆನ್ಸ್ ಬರೆಯಲು ಸಮಯ ಬೇಕಾದ್ದರಿಂದ ಬಹಳಷ್ಟು ಶಾಲೆಗಳು ತಮ್ಮದೇ ಗಡುವು ಇನ್ನೂ ಮುಂಚೆ ಇಡುತ್ತವೆ. ಮೊದಲು ಕೇಳಿ ತಿಳಿದುಕೊಳ್ಳಬೇಕಾದ ತಾರೀಖು ಅದು.