ಪೈಥಾನ್ ಪ್ರಶ್ನೋತ್ತರ: ಇನ್‌ಸ್ಟಾಲ್ ಆಯಿತು ಅನ್ನುತ್ತದೆ, ಇಂಪೋರ್ಟ್ ಆಗುತ್ತಿಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಪೈಥಾನ್ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್ ಮೇಲಿನ ದೂರುಗಳೇ. ಕಮಾಂಡ್‌ಗಳನ್ನೂ ಎರರ್ ಸಂದೇಶಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವನ್ನೇ ಬಳಸಿ.

ಪ್ರಶ್ನೆ: "ಪಿಪ್ ಇನ್‌ಸ್ಟಾಲ್ ರಿಕ್ವೆಸ್ಟ್ಸ್" ಕೊಟ್ಟೆ, ಯಶಸ್ವಿಯಾಗಿ ಇನ್‌ಸ್ಟಾಲ್ ಆಯಿತು ಅಂತ ಬಂತು. ಪ್ರೋಗ್ರಾಂ ಓಡಿಸಿದರೆ "ನೋ ಮಾಡ್ಯೂಲ್ ನೇಮ್ಡ್ ರಿಕ್ವೆಸ್ಟ್ಸ್" ಅನ್ನುತ್ತದೆ. ಮತ್ತೆ ಇನ್‌ಸ್ಟಾಲ್ ಮಾಡಲು ಹೋದರೆ "ರಿಕ್ವೈರ್‌ಮೆಂಟ್ ಆಲ್ರೆಡಿ ಸ್ಯಾಟಿಸ್ಫೈಡ್". ಯಾರ ಮಾತು ನಂಬಬೇಕು?

ಉತ್ತರ: ಎರಡೂ ನಿಜ. ನಿಮ್ಮ ಕಂಪ್ಯೂಟರ್‌ನಲ್ಲಿ ಒಂದಕ್ಕಿಂತ ಹೆಚ್ಚು ಪೈಥಾನ್ ಇದೆ. ಪ್ರತಿ ಪೈಥಾನ್‌ಗೂ ತನ್ನದೇ ಆದ "ಸೈಟ್-ಪ್ಯಾಕೇಜಸ್" ಫೋಲ್ಡರ್ ಇರುತ್ತದೆ. ಪಿಪ್ ಒಂದರ ಫೋಲ್ಡರ್‌ಗೆ ತುಂಬಿದೆ, ನಿಮ್ಮ ಎಡಿಟರ್ ಇನ್ನೊಂದನ್ನು ಓಡಿಸುತ್ತಿದೆ.

ಊಹೆ ಮಾಡುತ್ತಾ ಕೂರಬೇಡಿ, ಕೇಳಿಯೇ ಬಿಡಿ. ಪ್ರೋಗ್ರಾಂನ ಮೊದಲಿಗೆ "ಇಂಪೋರ್ಟ್ ಸಿಸ್" ಎಂದೂ, ಅದರ ಕೆಳಗೆ "ಪ್ರಿಂಟ್(ಸಿಸ್.ಎಕ್ಸಿಕ್ಯೂಟಬಲ್)" ಎಂದೂ ಬರೆದು ಓಡಿಸಿ. ಪ್ರೋಗ್ರಾಂ ಯಾವ ಪೈಥಾನ್‌ನಲ್ಲಿ ಓಡುತ್ತಿದೆ ಎಂಬುದರ ಪೂರ್ತಿ ಪಾತ್ ಸಿಗುತ್ತದೆ. ಆಮೇಲೆ ಟರ್ಮಿನಲ್‌ನಲ್ಲಿ "ಪಿಪ್ --ವರ್ಷನ್" ಕೊಡಿ. ಪಿಪ್ ಯಾವ ಫೋಲ್ಡರ್‌ನಲ್ಲಿದೆ, ಅದು ಯಾವ ಪೈಥಾನ್ ಆವೃತ್ತಿಯದು ಎಂಬುದನ್ನು ಒಂದೇ ಸಾಲಿನಲ್ಲಿ ತೋರಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಪರಿಹಾರ ಇಷ್ಟೇ: ಬರೀ "ಪಿಪ್" ಅನ್ನುವುದನ್ನು ಬಿಟ್ಟು "ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ರಿಕ್ವೆಸ್ಟ್ಸ್" ಎಂದು ಕೊಡಿ. ಆಗ ಯಾವ ಪೈಥಾನ್ ಕರೆದಿರೋ ಅದಕ್ಕೇ ಪ್ಯಾಕೇಜ್ ಹೋಗುತ್ತದೆ. ಮೊದಲಿಗೆ ಸಿಕ್ಕ ಪೂರ್ತಿ ಪಾತನ್ನೇ "ಪೈಥಾನ್" ಜಾಗದಲ್ಲಿ ಹಾಕಿದರೆ ಅನುಮಾನವೇ ಉಳಿಯುವುದಿಲ್ಲ. ಪಾತ್‌ನಲ್ಲಿ ಖಾಲಿ ಜಾಗ ಇದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು; ಪವರ್‌ಶೆಲ್‌ನಲ್ಲಾದರೆ ಅದರ ಮುಂದೆ ಒಂದು & ಕೂಡ ಬೇಕು. ವಿಂಡೋಸ್‌ನಲ್ಲಿ "ಪೈ -0" ಎಂದು ಕೊಟ್ಟರೆ ಲಾಂಚರ್‌ಗೆ ಗೊತ್ತಿರುವ ಪೈಥಾನ್‌ಗಳ ಪಟ್ಟಿ ಬರುತ್ತದೆ. (ಕೊನೆಯದು ಸೊನ್ನೆ, ಅಕ್ಷರವಲ್ಲ.) ಪಟ್ಟಿ ನೋಡಿ ಹಲವರು ಬೆಚ್ಚುತ್ತಾರೆ.

ವಿಎಸ್ ಕೋಡ್ ಬಳಸುವವರು ಕಂಟ್ರೋಲ್+ಶಿಫ್ಟ್+ಪಿ ಒತ್ತಿ, "ಪೈಥಾನ್: ಸೆಲೆಕ್ಟ್ ಇಂಟರ್‌ಪ್ರಿಟರ್" ಆರಿಸಿ, ಸರಿಯಾದದ್ದನ್ನು ಒಮ್ಮೆ ತೋರಿಸಿದರೆ ಸಾಕು. ಜುಪಿಟರ್ ನೋಟ್‌ಬುಕ್‌ನಲ್ಲಿ ಆಶ್ಚರ್ಯಚಿಹ್ನೆ ಹಾಕಿ ಪಿಪ್ ಕರೆಯುವುದನ್ನು ಬಿಡಿ, "%ಪಿಪ್ ಇನ್‌ಸ್ಟಾಲ್" ಕೊಡಿ. ಶೇಕಡಾ ಚಿಹ್ನೆ ಇದ್ದರೆ ಆ ನೋಟ್‌ಬುಕ್ ಓಡುತ್ತಿರುವ ಕರ್ನಲ್‌ಗೇ (ಹಿಂದಿನಿಂದ ಕೋಡ್ ಓಡಿಸುವ ಪೈಥಾನ್‌ಗೇ) ಪ್ಯಾಕೇಜ್ ಸೇರುತ್ತದೆ. ಹಳೆಯ ಆವೃತ್ತಿಯನ್ನು ಆಗಲೇ ಇಂಪೋರ್ಟ್ ಮಾಡಿಬಿಟ್ಟಿದ್ದರೆ ಕರ್ನಲ್ ರೀಸ್ಟಾರ್ಟ್ ಮಾಡಬೇಕು.

ಪ್ರಶ್ನೆ: "ಪಿಪ್ ಇನ್‌ಸ್ಟಾಲ್ ಸಿವಿ2" ಕೊಟ್ಟರೆ ಅಂಥ ಪ್ಯಾಕೇಜೇ ಇಲ್ಲ ಎನ್ನುತ್ತದೆ. ಆದರೆ ಎಲ್ಲ ಉದಾಹರಣೆಗಳಲ್ಲೂ "ಇಂಪೋರ್ಟ್ ಸಿವಿ2" ಅಂತಲೇ ಇದೆಯಲ್ಲ?

ಉತ್ತರ: ಇನ್‌ಸ್ಟಾಲ್ ಮಾಡುವ ಹೆಸರು, ಇಂಪೋರ್ಟ್ ಮಾಡುವ ಹೆಸರು ಒಂದೇ ಆಗಿರಬೇಕು ಎಂಬ ನಿಯಮವಿಲ್ಲ. ಸಿವಿ2 ಬೇಕಾದರೆ "ಓಪನ್‌ಸಿವಿ-ಪೈಥಾನ್" ಇನ್‌ಸ್ಟಾಲ್ ಮಾಡಿ. ಪಿಐಎಲ್ ಬೇಕಾದರೆ "ಪಿಲ್ಲೋ", ಬಿಎಸ್4 ಬೇಕಾದರೆ "ಬ್ಯೂಟಿಫುಲ್‌ಸೂಪ್4", ಎಸ್‌ಕೆಲರ್ನ್ ಬೇಕಾದರೆ "ಸೈಕಿಟ್-ಲರ್ನ್", ಯಾಮಲ್ ಬೇಕಾದರೆ "ಪೈಯಾಮಲ್". ಹೆಸರು ಊಹಿಸಿ ಇನ್‌ಸ್ಟಾಲ್ ಮಾಡುವ ಅಭ್ಯಾಸ ಅಪಾಯಕಾರಿ. ಜನಪ್ರಿಯ ಹೆಸರುಗಳಲ್ಲಿ ಒಂದಕ್ಷರ ಆಚೀಚೆ ಮಾಡಿ, ಒಳಗೆ ಕೆಟ್ಟ ಕೋಡ್ ತುಂಬಿ, ಪಿಪ್ ಪ್ಯಾಕೇಜ್ ತರುವ ಸಾರ್ವಜನಿಕ ಸಂಗ್ರಹವಾದ ಪೈಪಿಐಗೆ ಏರಿಸುವವರಿದ್ದಾರೆ. ಪ್ಯಾಕೇಜ್‌ನ ಅಧಿಕೃತ ದಾಖಲೆಯಿಂದ ಹೆಸರನ್ನು ನಕಲು ಮಾಡಿಕೊಳ್ಳಿ.

ಹೆಸರಿನದೇ ಇನ್ನೊಂದು ಗೋಳು: ನೀವೇ ಬರೆದ ಫೈಲಿಗೆ "ರ‍್ಯಾಂಡಮ್.ಪೈ" ಎಂದು ಹೆಸರಿಟ್ಟರೆ, "ಇಂಪೋರ್ಟ್ ರ‍್ಯಾಂಡಮ್" ಅಂದಾಗ ಪೈಥಾನ್ ನಿಮ್ಮ ಫೈಲನ್ನೇ ಎತ್ತಿಕೊಳ್ಳುತ್ತದೆ. ಸ್ಕ್ರಿಪ್ಟ್ ಇರುವ ಫೋಲ್ಡರ್ ಅದರ ಹುಡುಕಾಟದಲ್ಲಿ ಎಲ್ಲಕ್ಕಿಂತ ಮೊದಲು ಬರುವುದರಿಂದ ಹೀಗಾಗುತ್ತದೆ. "ಪಾರ್ಷಿಯಲಿ ಇನಿಷಿಯಲೈಸ್ಡ್ ಮಾಡ್ಯೂಲ್" ಎಂಬ ಸಂದೇಶ ಕಂಡರೆ ಮೊದಲು ನಿಮ್ಮ ಫೈಲುಗಳ ಹೆಸರು ನೋಡಿ.

ಪ್ರಶ್ನೆ: ಲಿನಕ್ಸ್ ಹೊಸದಾಗಿ ಹಾಕಿದ ಮೇಲೆ ಯಾವ ಪ್ಯಾಕೇಜ್ ಹಾಕಲು ಹೋದರೂ "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್" ಎಂಬ ಎರರ್. "--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್" ಸೇರಿಸಿದರೆ ಆಗುತ್ತದೆ ಎಂದು ಗೆಳೆಯರು ಹೇಳಿದರು. ಸೇರಿಸಲೇ?

ಉತ್ತರ: ಬೇಡ. ಆ ಆಯ್ಕೆಯ ಹೆಸರೇ ಎಚ್ಚರಿಕೆ. ಆಪರೇಟಿಂಗ್ ಸಿಸ್ಟಮ್‌ನ ಹಲವು ಸಲಕರಣೆಗಳು ಅದೇ ಪೈಥಾನ್ ಮೇಲೆ ನಿಂತಿವೆ. ಅವು ನೆಚ್ಚಿಕೊಂಡ ಪ್ಯಾಕೇಜ್ ಒಂದರ ಆವೃತ್ತಿಯನ್ನು ಪಿಪ್ ಬದಲಿಸಿಬಿಟ್ಟರೆ ಅವು ಕೆಡುತ್ತವೆ. ಅದಕ್ಕೇ ಡೆಬಿಯನ್ 12, ಉಬುಂಟು 23.04ರಿಂದ ಈಚೆಗೆ ಪಿಪ್‌ಗೆ ಬೀಗ ಹಾಕಿದ್ದಾರೆ. ಪಿಇಪಿ 668 ಎಂಬ ನಿಯಮ ಅದು. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಮೂಲಕ ಹಾಕಿದ ಪೈಥಾನ್‌ನಲ್ಲೂ ಇದೆ.

ನಿಮ್ಮ ಕೆಲಸಕ್ಕೆ ವರ್ಚುವಲ್ ಎನ್ವಿರಾನ್‌ಮೆಂಟ್ (ವಿಎನ್ವ್, ಅಂದರೆ ಆ ಪ್ರಾಜೆಕ್ಟ್‌ಗೇ ಮೀಸಲಾದ ಪ್ರತ್ಯೇಕ ಪೈಥಾನ್ ಫೋಲ್ಡರ್) ಮಾಡಿಕೊಳ್ಳಿ. ಪ್ರಾಜೆಕ್ಟ್ ಫೋಲ್ಡರ್‌ಗೆ ಹೋಗಿ "ಪೈಥಾನ್3 -ಎಂ ವಿಎನ್ವ್ .ವಿಎನ್ವ್" ಕೊಡಿ. ಡೆಬಿಯನ್, ಉಬುಂಟುಗಳಲ್ಲಿ "ಎನ್‌ಶೂರ್‌ಪಿಪ್" ಸಿಗುತ್ತಿಲ್ಲ ಎಂದು ಅದು ನಿಂತುಹೋದರೆ, ಸಿಸ್ಟಮ್‌ನ ಪ್ಯಾಕೇಜ್ ಹಾಕುವ ಸಲಕರಣೆಯಾದ ಏಪಿಟಿ ಮೂಲಕ "ಪೈಥಾನ್3-ವಿಎನ್ವ್" ಹಾಕಿ ಮತ್ತೆ ಪ್ರಯತ್ನಿಸಿ. ನಂತರ "ಸೋರ್ಸ್ .ವಿಎನ್ವ್/ಬಿನ್/ಆ್ಯಕ್ಟಿವೇಟ್". ಇನ್ನು ಮುಂದೆ ಪಿಪ್ ಆ ಫೋಲ್ಡರ್‌ನೊಳಗೇ ತುಂಬುತ್ತದೆ.

ಇಲ್ಲಿ ಎಡವುವ ಜಾಗಗಳು ಕೆಲವಿವೆ. ಆ್ಯಕ್ಟಿವೇಟ್ ಮಾಡಿದ ಮೇಲೂ "ಸುಡೋ ಪಿಪ್" ಅಂದರೆ ಮತ್ತೆ ಸಿಸ್ಟಮ್‌ನ ಪಿಪ್‌ಗೇ ಹೋಗುತ್ತೀರಿ. ವಿಎನ್ವ್ ಒಳಗೆ ಸುಡೋ ಬೇಕಾಗುವುದೇ ಇಲ್ಲ. ಆ ಫೋಲ್ಡರನ್ನು ಬೇರೆಡೆಗೆ ಎತ್ತಿಟ್ಟರೆ, ಹೆಸರು ಬದಲಿಸಿದರೆ ಕೆಡುತ್ತದೆ, ಯಾಕೆಂದರೆ ಒಳಗಿನ ಸ್ಕ್ರಿಪ್ಟ್‌ಗಳಲ್ಲಿ ಪೂರ್ತಿ ಪಾತ್ ಬರೆದಿರುತ್ತದೆ. ರಿಪೇರಿ ಮಾಡಲು ಹೋಗಬೇಡಿ, ಅಳಿಸಿ ಹೊಸದು ಮಾಡಿ. ಆ್ಯಕ್ಟಿವೇಟ್ ಎಂಬುದು ಮುಖ್ಯವಾಗಿ, ಟರ್ಮಿನಲ್ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಯನ್ನು (ಅದಕ್ಕೂ ಪಾತ್ ಎಂದೇ ಹೆಸರು) ಬದಲಿಸುವ ಅನುಕೂಲವಷ್ಟೇ. ನಿಗದಿತ ಹೊತ್ತಿಗೆ ಪ್ರೋಗ್ರಾಂ ಓಡಿಸುವ ಕ್ರಾನ್‌ನಂಥ ಕಡೆ ಅದರ ಗೊಡವೆ ಇಲ್ಲದೆ ".ವಿಎನ್ವ್/ಬಿನ್/ಪೈಥಾನ್" ಅನ್ನು ನೇರವಾಗಿ ಕರೆಯಬಹುದು. ವಿಂಡೋಸ್‌ನಲ್ಲಿ "ಬಿನ್" ಬದಲು "ಸ್ಕ್ರಿಪ್ಟ್ಸ್" ಫೋಲ್ಡರ್ ಇರುತ್ತದೆ. ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ ಎಂದು ಪವರ್‌ಶೆಲ್ ತಕರಾರು ಮಾಡಿದರೆ "ಸೆಟ್-ಎಕ್ಸಿಕ್ಯೂಷನ್‌ಪಾಲಿಸಿ -ಸ್ಕೋಪ್ ಕರೆಂಟ್‌ಯೂಸರ್ ರಿಮೋಟ್‌ಸೈನ್ಡ್" ಎಂದು ಒಮ್ಮೆ ಕೊಟ್ಟರೆ ಸಾಕು.

ಪ್ರಶ್ನೆ: ವಿಂಡೋಸ್‌ನಲ್ಲಿ ಪ್ಯಾಕೇಜ್ ಹಾಕುವಾಗ ಪುಟಗಟ್ಟಲೆ ಕೆಂಪು ಸಾಲುಗಳು ಬಂದು, ಕೊನೆಗೆ "ಮೈಕ್ರೋಸಾಫ್ಟ್ ವಿಷುವಲ್ ಸಿ++ 14.0 ಆರ್ ಗ್ರೇಟರ್ ಈಸ್ ರಿಕ್ವೈರ್ಡ್" ಎಂದು ನಿಲ್ಲುತ್ತದೆ. ನಾನು ಬರೆಯುತ್ತಿರುವುದು ಪೈಥಾನ್, ಸಿ++ ಯಾಕೆ ಬೇಕು?

ಉತ್ತರ: ಪ್ಯಾಕೇಜ್‌ನ ಒಂದು ಭಾಗ ಸಿ ಅಥವಾ ಸಿ++ನಲ್ಲಿದೆ. ಸಾಮಾನ್ಯವಾಗಿ ಅದನ್ನು ಮೊದಲೇ ಕಂಪೈಲ್ ಮಾಡಿ "ವೀಲ್" ಎಂಬ ಫೈಲ್ ರೂಪದಲ್ಲಿ ಕೊಟ್ಟಿರುತ್ತಾರೆ. ವೀಲ್‌ನ ಹೆಸರಿನಲ್ಲೇ ಅದು ಯಾರಿಗಾಗಿ ಎಂಬುದಿರುತ್ತದೆ: "ಸಿಪಿ312" ಎಂದರೆ ಪೈಥಾನ್ 3.12ಕ್ಕೆ, "ವಿನ್_ಎಎಂಡಿ64" ಎಂದರೆ 64 ಬಿಟ್ ವಿಂಡೋಸ್‌ಗೆ. ನಿಮ್ಮ ಪೈಥಾನ್‌ಗೆ ಹೊಂದುವ ವೀಲ್ ಸಿಗದಿದ್ದಾಗ ಪಿಪ್ ಮೂಲ ಕೋಡ್ ಇಳಿಸಿಕೊಂಡು ನಿಮ್ಮಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ. ಕಂಪೈಲರ್ ಇಲ್ಲ, ಮುಗ್ಗರಿಸುತ್ತದೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ "ವೀಲ್ ಯಾಕೆ ಸಿಗಲಿಲ್ಲ" ಎಂಬುದು. ಮೊದಲ ಅನುಮಾನ: ಪೈಥಾನ್ ತೀರಾ ಹೊಸದು. ಪ್ರತಿ ವರ್ಷ ಅಕ್ಟೋಬರ್ ಸುಮಾರಿಗೆ ಹೊಸ ಆವೃತ್ತಿ ಬರುತ್ತದೆ. ಅದಕ್ಕೆ ವೀಲ್ ಸಿದ್ಧಮಾಡಲು ಕೆಲವು ಪ್ಯಾಕೇಜ್‌ಗಳವರಿಗೆ ಸಮಯ ಬೇಕಾಗುತ್ತದೆ. ಒಂದು ಆವೃತ್ತಿ ಹಿಂದಿನದನ್ನು ಪಕ್ಕದಲ್ಲೇ ಹಾಕಿ, ಅದರಿಂದ ವಿಎನ್ವ್ ಮಾಡಿಕೊಳ್ಳಿ. ಎರಡನೆಯ ಅನುಮಾನ: 32 ಬಿಟ್ ಪೈಥಾನ್. ಟರ್ಮಿನಲ್‌ನಲ್ಲಿ ಪೈಥಾನ್ ತೆರೆದಾಗ ಮೊದಲ ಸಾಲಿನಲ್ಲಿ "64 ಬಿಟ್" ಎಂದಿದೆಯೇ ನೋಡಿ. ಅದೇ ಸಾಲಿನ ಕೊನೆಯಲ್ಲಿ "ವಿನ್32" ಎಂದಿದ್ದರೆ ಗಾಬರಿ ಬೇಡ, 64 ಬಿಟ್‌ನಲ್ಲೂ ಹಾಗೇ ಬರುತ್ತದೆ. ಮೂರನೆಯದು ಹಳೆಯ ಪಿಪ್: "ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ --ಅಪ್‌ಗ್ರೇಡ್ ಪಿಪ್".

"--ಓನ್ಲಿ-ಬೈನರಿ=:ಆಲ್:" ಸೇರಿಸಿದರೆ ಪಿಪ್ ಕಂಪೈಲ್ ಮಾಡುವ ಸಾಹಸಕ್ಕೆ ಕೈಹಾಕುವುದಿಲ್ಲ. ವೀಲ್ ಇರುವ ಹಳೆಯ ಆವೃತ್ತಿ ಇದ್ದರೆ ಅದನ್ನು ಹಾಕುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಹೇಳಿ ಸುಮ್ಮನಾಗುತ್ತದೆ. ಇವೆಲ್ಲ ಸೋತ ಮೇಲಷ್ಟೇ ಜಿಬಿಗಟ್ಟಲೆ ತೂಗುವ ಬಿಲ್ಡ್ ಟೂಲ್ಸ್ ಇಳಿಸಿಕೊಳ್ಳಿ. ಅದರಲ್ಲಿ "ಡೆಸ್ಕ್‌ಟಾಪ್ ಡೆವಲಪ್‌ಮೆಂಟ್ ವಿತ್ ಸಿ++" ಗುರುತು ಹಾಕುವುದನ್ನು ಮರೆಯಬೇಡಿ.

ಪ್ರಶ್ನೆ: ಕನ್ನಡ ಪಠ್ಯವಿರುವ ಫೈಲ್ ಓದಲು ಹೋದರೆ "ಚಾರ್‌ಮ್ಯಾಪ್ ಕೋಡೆಕ್ ಕಾಂಟ್ ಡಿಕೋಡ್ ಬೈಟ್ 0ಎಕ್ಸ್8ಡಿ" ಎಂದು ಬರುತ್ತದೆ. ಕೆಲವು ಫೈಲುಗಳಲ್ಲಿ ಎರರ್ ಇಲ್ಲ, ಆದರೆ ಅಕ್ಷರಗಳೆಲ್ಲ ಗೋಜಲು. ಒಂದೇ ಪ್ರೋಗ್ರಾಂ, ಎರಡು ವರ್ತನೆ ಯಾಕೆ?

ಉತ್ತರ: ಫೈಲ್ ಇರುವುದು ಯುಟಿಎಫ್-8ನಲ್ಲಿ. ವಿಂಡೋಸ್‌ನಲ್ಲಿ ಎನ್‌ಕೋಡಿಂಗ್ ಹೇಳದೆ "ಓಪನ್" ಕರೆದರೆ ಪೈಥಾನ್ ಸಿಸ್ಟಮ್‌ನ ಕೋಡ್‌ಪೇಜ್ (ಯಾವ ಬೈಟ್‌ಗೆ ಯಾವ ಅಕ್ಷರ ಎಂಬ ಪಟ್ಟಿ) ಬಳಸುತ್ತದೆ, ಬಹಳ ಕಡೆ ಅದು ಸಿಪಿ1252. ಯುಟಿಎಫ್-8ನಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್. ಅರ್ಧಾಕ್ಷರಕ್ಕೆ, ಒತ್ತಕ್ಷರಕ್ಕೆ ಬಳಸುವ ವಿರಾಮ ಚಿಹ್ನೆ (್) ಆಗುವುದು ಇ0, ಬಿ3, 8ಡಿ ಎಂಬ ಮೂರು ಬೈಟ್‌ಗಳಾಗಿ. ಸಿಪಿ1252ನಲ್ಲಿ 8ಡಿ ಎಂಬ ಬೈಟ್‌ಗೆ ಯಾವ ಅಕ್ಷರವೂ ಇಲ್ಲ. ಅಂದರೆ ಫೈಲಿನಲ್ಲಿ ಮೊದಲ ಒತ್ತಕ್ಷರ ಅಥವಾ ಅರ್ಧಾಕ್ಷರ ಬಂದ ಕ್ಷಣ ಎರರ್! ಏ, ಐ, ಝ ಅಕ್ಷರಗಳ ಕೊನೆಯ ಬೈಟ್‌ಗಳಿಗೂ (8ಎಫ್, 90, 9ಡಿ) ಅದೇ ಗತಿ. "ಮನೆ", "ಮರ" ಥರದ ಪದಗಳಷ್ಟೇ ಇದ್ದರೆ ಎಲ್ಲ ಬೈಟ್‌ಗೂ ಏನೋ ಒಂದು ಲ್ಯಾಟಿನ್ ಅಕ್ಷರ ಸಿಗುತ್ತದೆ, ಎರರ್ ಬರದೆ ಗೋಜಲು ಬರುತ್ತದೆ. ಎರಡನೆಯದೇ ಹೆಚ್ಚು ಅಪಾಯ, ಸದ್ದಿಲ್ಲದೆ ಹಾಳು ಮಾಡುತ್ತದೆ.

"ಓಪನ್" ಕರೆಯುವಾಗಲೆಲ್ಲ "ಎನ್‌ಕೋಡಿಂಗ್='ಯುಟಿಎಫ್-8'" ಸೇರಿಸಿ; ಓದುವಾಗಲೂ, ಬರೆಯುವಾಗಲೂ. ಎಕ್ಸೆಲ್‌ನಲ್ಲಿ ತೆರೆಯಬೇಕಾದ ಸಿಎಸ್‌ವಿ ಬರೆಯುತ್ತಿದ್ದರೆ "ಯುಟಿಎಫ್-8-ಸಿಗ್" ಕೊಡಿ, ಆಗ ಎಕ್ಸೆಲ್ ಕನ್ನಡವನ್ನು ಗುರುತಿಸುತ್ತದೆ. "ಎರರ್ಸ್='ಇಗ್ನೋರ್'" ಹಾಕಿ ಎರರ್ ಬಾಯಿ ಮುಚ್ಚಿಸಬೇಡಿ. ಅದು ಅಡ್ಡಿಯಾದ ಬೈಟ್‌ಗಳನ್ನು ಎಸೆದುಬಿಡುತ್ತದೆ.

ಇದರ ಬೆನ್ನಿಗೇ ಬರುವ ಪ್ರಶ್ನೆ: "ಕನ್ನಡ" ಪದದ "ಲೆನ್" 3 ಬರದೆ 5 ಯಾಕೆ ಬರುತ್ತದೆ? ಪೈಥಾನ್ ಎಣಿಸುವುದು ಯುನಿಕೋಡ್ ಸಂಕೇತಗಳನ್ನು: ಕ, ನ, ್, ನ, ಡ. ಅಕ್ಷರ ಎಣಿಸಬೇಕಾದರೆ ಎರಡು ಬಗೆಯವನ್ನು ಬಿಟ್ಟು ಎಣಿಸಿ: "ಯುನಿಕೋಡ್‌ಡೇಟಾ.ಕೆಟಗರಿ" ಕೊಡುವ ಉತ್ತರ ದೊಡ್ಡಕ್ಷರ "ಎಂ"ನಿಂದ ಶುರುವಾಗುವವು (ಗುಣಿತ ಚಿಹ್ನೆ, ಅನುಸ್ವಾರ, ವಿರಾಮ), ಮತ್ತು ವಿರಾಮದ ಬೆನ್ನಿಗೇ ಬರುವವು. ಉಳಿಯುವುದು ಕ, ಮೊದಲ ನ, ಡ. ಮೂರು. ಪದವನ್ನು [::-1] ಎಂದು ತಿರುಗಿಸಿದಾಗ ಗುಣಿತ ಚಿಹ್ನೆಗಳು ಬೇರೆ ಅಕ್ಷರಕ್ಕೆ ಅಂಟಿಕೊಳ್ಳುವುದಕ್ಕೂ ಇದೇ ಕಾರಣ.

ಪ್ರಶ್ನೆ: [1, 2, 2, 3] ಪಟ್ಟಿಯಿಂದ 2 ಎಲ್ಲ ತೆಗೆಯಲು ಫಾರ್ ಲೂಪ್‌ನಲ್ಲಿ "ರಿಮೂವ್" ಬಳಸಿದೆ. ಒಂದು 2 ಉಳಿದೇ ಹೋಗುತ್ತದೆ.

ಉತ್ತರ: ಲೂಪ್ ನೆನಪಿಟ್ಟುಕೊಳ್ಳುವುದು ಸ್ಥಾನವನ್ನು. ಸ್ಥಾನ 1ರಲ್ಲಿದ್ದ 2 ತೆಗೆದ ಕೂಡಲೇ ಉಳಿದವು ಒಂದೊಂದು ಹೆಜ್ಜೆ ಹಿಂದೆ ಸರಿದವು, ಎರಡನೆಯ 2 ಸ್ಥಾನ 1ಕ್ಕೆ ಬಂತು. ಲೂಪ್ ಆಗಲೇ ಸ್ಥಾನ 2ಕ್ಕೆ ಹೋಗಿ 3 ನೋಡುತ್ತಿದೆ. ಓಡುತ್ತಿರುವ ಪಟ್ಟಿಯಿಂದ ತೆಗೆಯುವ ಬದಲು, ಬೇಕಾದವನ್ನು ಆರಿಸಿ ಹೊಸ ಪಟ್ಟಿ ಮಾಡಿ: "ಪಟ್ಟಿ = [ಕ ಫಾರ್ ಕ ಇನ್ ಪಟ್ಟಿ ಇಫ್ ಕ != 2]". ಇಲ್ಲಿ "ಪಟ್ಟಿ", "ಕ" ಎಂಬ ಹೆಸರುಗಳನ್ನು ಕನ್ನಡದಲ್ಲೇ ಟೈಪ್ ಮಾಡಿದರೂ ಪೈಥಾನ್ 3 ಒಪ್ಪುತ್ತದೆ. ಫಾರ್, ಇನ್, ಇಫ್ ಮಾತ್ರ ಇಂಗ್ಲಿಷಿನಲ್ಲೇ ಇರಬೇಕು.

ಪ್ರಶ್ನೆ: ಫಂಕ್ಷನ್‌ಗೆ "ಪಟ್ಟಿ=[]" ಎಂದು ಡಿಫಾಲ್ಟ್ ಕೊಟ್ಟಿದ್ದೇನೆ. ಎರಡನೇ ಸಲ ಕರೆದಾಗ ಹಿಂದಿನ ಸಲದ್ದೂ ಅದರಲ್ಲಿ ಇರುತ್ತದೆ.

ಉತ್ತರ: ಆ ಖಾಲಿ ಪಟ್ಟಿ ಹುಟ್ಟುವುದು "ಡೆಫ್" ಸಾಲು ಓಡಿದಾಗ, ಒಂದೇ ಸಲ. ಪ್ರತಿ ಕರೆಗೂ ಅದೇ ಪಟ್ಟಿ. "ಪಟ್ಟಿ=ನನ್" ಎಂದು ಕೊಟ್ಟು, ಒಳಗೆ "ಇಫ್ ಪಟ್ಟಿ ಈಸ್ ನನ್: ಪಟ್ಟಿ = []" ಎಂದು ಬರೆಯಿರಿ.

ಪ್ರಶ್ನೆ: 0.1 + 0.2 ಮಾಡಿದರೆ 0.30000000000000004 ಬರುತ್ತದೆ. "ರೌಂಡ್(2.5)" ಕೊಟ್ಟರೆ 2. ಪೈಥಾನ್‌ಗೆ ಲೆಕ್ಕ ಬರುವುದಿಲ್ಲವೇ?

ಉತ್ತರ: ಬರುತ್ತದೆ, ಬೈನರಿಯಲ್ಲಿ. ಅಲ್ಲಿ 0.1ಕ್ಕೆ ನಿಖರ ರೂಪವಿಲ್ಲ, ತೀರಾ ಹತ್ತಿರದ ಸಂಖ್ಯೆ ಕೂತಿರುತ್ತದೆ. ಬೇರೆ ಭಾಷೆಗಳ ಫ್ಲೋಟ್‌ನಲ್ಲೂ ಹೀಗೇ. ಹೋಲಿಸುವಾಗ == ಬಿಟ್ಟು "ಮ್ಯಾತ್.ಈಸ್‌ಕ್ಲೋಸ್" ಬಳಸಿ. ರೌಂಡ್‌ದು ಬೇರೆ ವಿಷಯ: ಸರಿಯಾಗಿ ನಡುವೆ ಬಂದಾಗ ಪೈಥಾನ್ 3 ಸಮಸಂಖ್ಯೆಯ ಕಡೆ ಹೋಗುತ್ತದೆ. ಆದ್ದರಿಂದ 2.5ಕ್ಕೆ 2, 3.5ಕ್ಕೆ 4. ಹಣದ ಲೆಕ್ಕವಿದ್ದರೆ "ಡೆಸಿಮಲ್" ಮಾಡ್ಯೂಲ್ ಬಳಸಿ. ಆದರೆ "ಡೆಸಿಮಲ್('0.1')" ಎಂದು ಉದ್ಧರಣ ಚಿಹ್ನೆಯೊಳಗೇ ಕೊಡಿ. ಚಿಹ್ನೆ ಬಿಟ್ಟರೆ ಸಂಖ್ಯೆ ಮೊದಲು ಫ್ಲೋಟ್ ಆಗಿ, ಆ ಸಣ್ಣ ತಪ್ಪನ್ನೂ ಹೊತ್ತುಕೊಂಡೇ ಡೆಸಿಮಲ್ ಒಳಗೆ ಬರುತ್ತದೆ.