ಗಣಿಯೂರಿನ ಅಜ್ಜಿಯ ಮೂಲ: ಮೊದಲು ಮದುವೆಯ ದಾಖಲೆ ಹುಡುಕಿ

ನಿಮ್ಮ ಅಜ್ಜಿ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದವರು, ಅವರ ತಾತ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದವರು ಎಂಬ ಮಾತು ಬಿಟ್ಟರೆ ಮನೆಯಲ್ಲಿ ಬೇರೇನೂ ಉಳಿದಿಲ್ಲ, ಎಲ್ಲಿಂದ ಹುಡುಕಲಿ ಎಂದು ಕೇಳಿದ್ದೀರಿ. ನನ್ನ ಅಜ್ಜಿಯೂ ಅದೇ ಊರಿನವರು, ಅಂಥದೇ ಮನೆತನದವರು. ಹಾಗಾಗಿ ಕಂಡುಕೊಂಡದ್ದನ್ನು ಹೇಳುತ್ತೇನೆ.

ಕಾರ್ನ್‌ವಾಲ್‌ನ ದಾಖಲೆಗಳಿಗೆ ಈಗಲೇ ಕೈ ಹಾಕಬೇಡಿ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಳ ಆಡಳಿತ ವಹಿಸಿಕೊಂಡ ಮೇಲೆ ಅಲ್ಲಿನ ಗಣಿಗಾರರು ಸಂಸಾರ ಸಮೇತ ಇಲ್ಲಿಗೆ ಬಂದರು. ಅವರ ದೀಕ್ಷಾಸ್ನಾನ (ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ವಿಧಿ), ಮದುವೆ, ಸಾವುಗಳನ್ನು ಇಲ್ಲಿನ ಚರ್ಚುಗಳಲ್ಲಿ ಬರೆದಿಡುತ್ತಿದ್ದರು. ಅವುಗಳ ನಕಲು ಮದರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ (ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಇಲಾಖೆ) ದಾಖಲೆಗಳಲ್ಲಿ ಎನ್/2 ಎಂಬ ಸರಣಿ ಇವುಗಳದೇ. ಫೈಂಡ್‌ಮೈಪಾಸ್ಟ್ ತಾಣದಲ್ಲಿ ಹಣ ಕೊಟ್ಟರೆ ಪುಟದ ಚಿತ್ರವನ್ನೇ ನೋಡಬಹುದು. ಫ್ಯಾಮಿಲಿಸರ್ಚ್‌ನಲ್ಲಿ ಉಚಿತವಾಗಿಯೇ ಹೆಸರು ಹುಡುಕಬಹುದು. ಎಲ್ಲ ನಕಲುಗಳೂ ಲಂಡನ್ ಮುಟ್ಟಿಲ್ಲ. ಅಲ್ಲಿ ಸಿಗದಿದ್ದರೆ ಗಣಿಯೂರಿನ ಚರ್ಚಿನ ಪಾದ್ರಿಯವರನ್ನೇ ಮೂಲ ಪುಸ್ತಕ ತೋರಿಸುವಂತೆ ಕೇಳಿಕೊಳ್ಳಿ.

ಮೊದಲು ಹುಡುಕಬೇಕಾದದ್ದು ಮದುವೆಯ ದಾಖಲೆ. ಮಗುವಿನ ದೀಕ್ಷಾಸ್ನಾನದ ಸಾಲಿನಲ್ಲಿ ತಾಯಿಗೆ ಗಂಡನ ಮನೆತನದ ಹೆಸರೇ ಇರುತ್ತದೆ, ತವರಿನ ಸುಳಿವು ಸಿಗುವುದಿಲ್ಲ. ಮದುವೆಯ ಸಾಲಿನಲ್ಲಿ ವಧುವಿನ ತಂದೆಯ ಹೆಸರಿರುತ್ತದೆ. ಕೆಳಗಿನ ಸಾಕ್ಷಿಗಳ ಸಹಿಯನ್ನಂತೂ ಬಿಡಲೇಬೇಡಿ. ನನ್ನ ಅಜ್ಜಿಯ ತಾಯಿಯ ಮದುವೆಗೆ ಸಾಕ್ಷಿ ಹಾಕಿದ್ದವನ ಮನೆತನದ ಹೆಸರೂ ವಧುವಿನದೂ ಒಂದೇ. ಅವನು ಅಣ್ಣನಿರಬೇಕೆಂದು ಹುಡುಕಿದರೆ, ಅವನ ಜನನ ಕಾರ್ನ್‌ವಾಲ್‌ನ ರೆಡ್ರೂತ್‌ನಲ್ಲಿ ದಾಖಲಾಗಿತ್ತು. ತಂಗಿ ಹುಟ್ಟಿದ್ದು ಇಲ್ಲಿ, ಅಣ್ಣ ಹುಟ್ಟಿದ್ದು ಅಲ್ಲಿ. ಊರಿನ ಹೆಸರು ಸಿಕ್ಕಿದ್ದು ಹಾಗೆ.

ಊರು ಗೊತ್ತಾದ ಮೇಲೆ ಇಂಗ್ಲೆಂಡಿನ ದಾಖಲೆಗಳು ಉದಾರವಾಗಿವೆ. ಅಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಆ ನೋಂದಣಿಯನ್ನು ನೋಡಿಕೊಳ್ಳುವ ಜನರಲ್ ರಿಜಿಸ್ಟರ್ ಆಫೀಸಿನ ತಾಣದ ಸೂಚಿಯಲ್ಲಿ ಮಗುವಿನ ತಾಯಿಯ ತವರಿನ ಹೆಸರೂ ಇದೆ. ಅಜ್ಜಿಯಂದಿರನ್ನು ಹುಡುಕುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯಲ್ಲಿ 1851ರಿಂದ ಹುಟ್ಟಿದ ಊರನ್ನೂ ಬರೆದಿದ್ದಾರೆ. 1841ರ ಗಣತಿಯಲ್ಲಿ ದೊಡ್ಡವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿರುವುದರಿಂದ ಅದನ್ನು ಪೂರ್ತಿ ನಂಬಬೇಡಿ. 1866ರಲ್ಲಿ ತಾಮ್ರದ ಬೆಲೆ ಕುಸಿದ ಮೇಲೆ ಕಾರ್ನ್‌ವಾಲ್‌ನ ಗಂಡಸರು ಹೊರದೇಶದ ಗಣಿಗಳಿಗೆ ಹೋದರು. ಆಮೇಲಿನ ಗಣತಿಯ ಎಷ್ಟೋ ಮನೆಗಳಲ್ಲಿ ಹೆಂಡತಿ, ಮಕ್ಕಳಷ್ಟೇ ಕಾಣುತ್ತಾರೆ. ನಮ್ಮವರ ಮನೆಯಲ್ಲಿ ಜೊತೆಗೊಬ್ಬ ವಿಧವೆ ಇದ್ದಳು, ಮನೆಯೊಡತಿಯ ತಾಯಿ ಎಂದು ಬರೆದಿತ್ತು. ಆಕೆಯ ಮನೆತನದ ಹೆಸರೇ ಮಗಳ ತವರಿನ ಹೆಸರು. ಇನ್ನೊಂದು ತಲೆಮಾರು ತೆರೆದುಕೊಂಡಿತು.

ಆ ಕಡೆಯ ಗಣಿಗಾರರಲ್ಲಿ ಬಹಳ ಮಂದಿ ಮೆಥೊಡಿಸ್ಟರು, ಅಂದರೆ ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚಿನಿಂದ ಬೇರೆಯಾದ ಪಂಥದವರು. ಊರಿನ ಆಂಗ್ಲಿಕನ್ ಚರ್ಚಿನಲ್ಲಿ ಹೆಸರಿಲ್ಲದಿದ್ದರೆ ಮೆಥೊಡಿಸ್ಟ್ ಪುಸ್ತಕಗಳನ್ನು ನೋಡಿ. ಟ್ರೆ, ಪೋಲ್, ಪೆನ್ ಎಂದು ಶುರುವಾಗುವ ಹೆಸರುಗಳನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಆದ್ದರಿಂದ ಮೊದಲ ಅಕ್ಷರಗಳನ್ನಷ್ಟೇ ಕೊಟ್ಟು ಹುಡುಕಿ.

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತದೆ. ನಮ್ಮ ಮನೆತನಕ್ಕೆ ಸೊಸೆಯಾಗಿ ಬಂದ ತಮಿಳು ಹೆಣ್ಣುಮಗಳೊಬ್ಬಳು ಗಣಿಯೂರಿನ ಚರ್ಚಿನ ಮದುವೆಯ ಪುಸ್ತಕದಲ್ಲಿ ಬರೀ ಮೇರಿ. ಅಪ್ಪನ ಹೆಸರಿನ ಜಾಗ ಖಾಲಿ. ಇಂಗ್ಲೆಂಡಿನ ಕಡೆಯವರ ಆರು ತಲೆಮಾರು ಸಿಕ್ಕರೂ ಇವಳ ತವರು ಸಿಗದೆ ನನ್ನ ಅಜ್ಜಿಯ ಕಥೆ ಪೂರ್ತಿಯಾಗದು. ನಿಮ್ಮ ಅಜ್ಜಿಯ ಹಿರಿಯರಲ್ಲೂ ಅಂಥವರಿದ್ದರೆ, ಮದುವೆಗೆ ಸ್ವಲ್ಪ ಮುಂಚಿನ ವಯಸ್ಕರ ದೀಕ್ಷಾಸ್ನಾನದ ಸಾಲುಗಳನ್ನು ಓದಿ. ಹಳೆಯ ಹೆಸರೋ ಊರೋ ಅಲ್ಲಿ ಸಿಗುವ ಸಾಧ್ಯತೆ ಇದೆ. ನಾನೂ ಅದನ್ನೇ ಓದುತ್ತಿದ್ದೇನೆ.

ಅಜ್ಜಿಯ ಮದುವೆ ಯಾವ ಚರ್ಚಿನಲ್ಲಿ, ಸುಮಾರು ಯಾವ ವರ್ಷ ನಡೆಯಿತೆಂದು ಗೊತ್ತಾದರೆ ತಿಳಿಸಿ, ಮುಂದಿನ ಹೆಜ್ಜೆ ಹೇಳುತ್ತೇನೆ.